ಹಳೆಯ ಅಶ್ವದಳದ ಕಾರ್ಬೈನ್ ಕೊಳ್ಳುವ ಮುಂಚೆ ಏನೇನು ನೋಡಬೇಕು

ಸೈನ್ಯದ ಹಳೆಯ ಬಂದೂಕುಗಳಲ್ಲಿ ಕೈಚಳಕಕ್ಕೆ ತುಂಬ ಸಿಕ್ಕಿರುವುದು ಅಶ್ವದಳದ ಬಂದೂಕುಗಳು. ಕಾರಣ ಸರಳ. ಕಾಲಾಳುಗಳ ಉದ್ದ ರೈಫಲ್‌ಗಳು ರಾಶಿ ರಾಶಿ ತಯಾರಾದವು. ಸವಾರರ ಗಿಡ್ಡ ಕಾರ್ಬೈನ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕಡಿಮೆ ಇರುವುದಕ್ಕೆ ಬೆಲೆ ಜಾಸ್ತಿ, ಮತ್ತು ಉದ್ದ ಇರುವುದನ್ನು ಗಿಡ್ಡ ಮಾಡೋಕೆ ಒಂದು ಗರಗಸ ಸಾಕು, ಅಲ್ವಾ?

ಹಾಗಾಗಿ "ಎಷ್ಟು ಚೆನ್ನಾಗಿ ಕಾಣುತ್ತೆ" ಅನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಇದರ ನಳಿಗೆ, ಮರ, ಸ್ಕ್ರೂ, ರಿಂಗು ಎಲ್ಲ ಒಟ್ಟಿಗೆ ಮುಪ್ಪಾಗಿವೆಯೇ? ನಳಿಗೆ ನೂರೈವತ್ತು ವರ್ಷದ ಕಂದು ಬಣ್ಣಕ್ಕೆ ತಿರುಗಿ ಅದರ ಪಕ್ಕದ ಸ್ಕ್ರೂ ಮಾತ್ರ ಮಿಂಚುತ್ತಿದ್ದರೆ ಅಲ್ಲೇ ನಿಂತು ಕಾರಣ ಕೇಳಬೇಕು. ನೋಡುವ ಕೆಲಸವೆಲ್ಲ ಇಷ್ಟೇ, ಉಳಿದದ್ದೆಲ್ಲ ಇದನ್ನು ಎಲ್ಲೆಲ್ಲಿ ಹುಡುಕಬೇಕು ಅನ್ನುವ ವಿವರ.

ಮೊದಲು ಖಾಲಿ ಇದೆಯಾ ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳಲ್ಲಿ ಶತಮಾನದ ಹಿಂದಿನ ಮದ್ದುಗುಂಡು ಇನ್ನೂ ಒಳಗೇ ಕೂತಿರುವುದುಂಟು. ಕಪ್ಪು ಮದ್ದು ಒಣಗಿದ್ದರೆ ಇವತ್ತಿಗೂ ಹೊತ್ತಿಕೊಳ್ಳುತ್ತದೆ. ಬಂದೂಕಿನ ಮೂತಿಯನ್ನು ಜನರಿಂದ ಆಚೆಗೆ ತಿರುಗಿಸಿ, ನಿಮ್ಮ ಮುಖ, ಕೈ ಅದರ ಮುಂದೆ ಬಾರದಂತೆ ಒಂದು ಮರದ ಕಡ್ಡಿಯನ್ನು ಬಾಯಿಂದ ನಿಧಾನವಾಗಿ ಒಳಗೆ ಬಿಡಿ. ಬಾಯಿ ಹತ್ತಿರ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದು ನೋಡಿ. ಕಡ್ಡಿಯ ತುದಿ ಕ್ಯಾಪ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಕೂರುವ ನಿಪ್ಪಲ್ಲಿನವರೆಗೆ ಬರಬೇಕು. ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದನ್ನು ನೀವೇ ಕೆದಕಬೇಡಿ, ಬಂದೂಕು ರಿಪೇರಿ ಬಲ್ಲವರಿಗೆ ಕೊಡಿ. ಸ್ಪೆನ್ಸರ್ ಕಾರ್ಬೈನ್ ಆದರೆ ಹಿಂಬದಿಯ ಮರದೊಳಗೆ 7 ಗುಂಡು ಹಿಡಿಯುವ ಕೊಳವೆ ಇರುತ್ತದೆ. ಅದನ್ನೂ ಎಳೆದು ನೋಡಬೇಕು. ಬೋಲ್ಟ್, ಅಂದರೆ ಹಿಂದಕ್ಕೆ ಎಳೆದು ಗುಂಡು ತುಂಬುವ ಸರಳು, ಇರುವುದಾದರೆ ಅದನ್ನು ತೆಗೆದು ಗುಂಡು ಕೂರುವ ಚೇಂಬರಿಗೆ ಟಾರ್ಚ್ ಬಿಡಿ.

ಮತ್ತೆ, ಕೊಂಡದ್ದನ್ನು ಸುಮ್ನೆ ಒಂದು ಸಲ ಹೊಡೆದು ನೋಡೋಣ ಅನ್ನುವ ಆಸೆ ಬೇಡ. ಹಳೆಯ ಉಕ್ಕು, ಹಳೆಯ ಯಂತ್ರಭಾಗ, ಒಳಗೆ ಕಾಣದ ಬಿರುಕು, ಇವುಗಳ ಜೊತೆ ಇಂದಿನ ಗುಂಡು ಸೇರಿದರೆ ಬಂದೂಕೂ ಹೋಗುತ್ತದೆ, ಕೈಯೂ ಹೋಗುತ್ತದೆ.

ಅಶ್ವದಳದ್ದು ಅಂತ ಹೇಗೆ ಗೊತ್ತಾಗುತ್ತದೆ

ಕುದುರೆ ಮೇಲೆ ಕೂತವನಿಗೆ ಉದ್ದ ಬಂದೂಕು ಕಾಟ. ಅದಕ್ಕೇ ನಳಿಗೆ ಗಿಡ್ಡ. ಅಮೆರಿಕದ ಶಾರ್ಪ್ಸ್ ಕಾರ್ಬೈನ್, 1860ರ ಮಾದರಿಯ ಸ್ಪೆನ್ಸರ್, 1873ರ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್, ಆಮೇಲಿನ ಕ್ರಾಗ್ ಕಾರ್ಬೈನ್, ಎಲ್ಲದರ ನಳಿಗೆಯೂ 22 ಇಂಚಿನ ಆಸುಪಾಸು. 1865ರ ಸ್ಪೆನ್ಸರ್ 20 ಇಂಚು. ಬ್ರಿಟನ್ನಿನ ಪ್ಯಾಜೆಟ್ ಚಕಮಕಿ ಕಾರ್ಬೈನ್ ಇನ್ನೂ ಗಿಡ್ಡ, 16 ಇಂಚು. ಅದರ ಗಜದ ಕಡ್ಡಿಯನ್ನು (ಮದ್ದುಗುಂಡನ್ನು ಒಳಗೆ ತಳ್ಳುವ ಕಡ್ಡಿ) ನಳಿಗೆಗೇ ಕೀಲು ಹಾಕಿ ಸಿಕ್ಕಿಸಿರುತ್ತಾರೆ, ಸವಾರಿ ಮಾಡುವಾಗ ಕೈಜಾರಿ ಬೀಳಬಾರದಲ್ಲ.

ಅಮೆರಿಕದ ಕಾರ್ಬೈನ್‌ಗಳ ಎಡಪಕ್ಕದಲ್ಲಿ ಒಂದು ಕಬ್ಬಿಣದ ಸರಳು, ಅದರಲ್ಲಿ ಜಾರುವ ರಿಂಗು. ಸವಾರ ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡ ಅಗಲ ಪಟ್ಟಿಯ ಕೊಕ್ಕೆಗೆ ಈ ರಿಂಗು ಸಿಕ್ಕಿಸುತ್ತಿದ್ದ. ಆದರೆ ರಿಂಗು ಇದೆ ಅಂದ ಮಾತ್ರಕ್ಕೆ ಸೈನ್ಯದ್ದು ಅಂದುಕೊಳ್ಳಬೇಡಿ. ವಿಂಚೆಸ್ಟರ್ ಕಂಪನಿ ರಿಂಗು ಇರುವ ಕಾರ್ಬೈನ್‌ಗಳನ್ನು ಸಾಮಾನ್ಯ ಜನರಿಗೇ ಬೇಕಾದಷ್ಟು ಮಾರಿದೆ.

ಬೋಲ್ಟ್ ಬಂದ ಮೇಲೆ ಗುರುತುಗಳು ಬದಲಾದವು. ಬೋಲ್ಟಿನ ಹಿಡಿ ಹೊರಗೆ ಚಾಚಿಕೊಂಡಿದ್ದರೆ ಸವಾರನಿಗೆ, ಕುದುರೆಗೆ, ಜೀನಿಗೆ ಎಲ್ಲಕ್ಕೂ ತೊಂದರೆ. ಅದಕ್ಕೆ ಜರ್ಮನಿಯ 1888ರ ಕಾರ್ಬೈನಿನಲ್ಲಿ ಹಿಡಿಯನ್ನು ಕೆಳಗೆ ಬಗ್ಗಿಸಿ ಚಪ್ಪಟೆ ಮಾಡಿದರು. ಬ್ರಿಟನ್ನಿನ ಲೀ-ಎನ್‌ಫೀಲ್ಡ್ ಅಶ್ವದಳ ಕಾರ್ಬೈನಿನದೂ ಚಪ್ಪಟೆ ಹಿಡಿಯೇ, ಮ್ಯಾಗಜೀನು 6 ಗುಂಡಿನದು. ಇಟಲಿಯ 1891ರ ಕಾರ್ಕಾನೊ ಅಶ್ವದಳ ಕಾರ್ಬೈನಿಗೆ ಮಡಚುವ ಬಯೊನೆಟ್ ಅಂಟಿಕೊಂಡೇ ಇರುತ್ತದೆ. ಜಪಾನಿನ ಟೈಪ್ 44 ಕೂಡ ಹಾಗೇ, ಆದರೆ ಅದು 1911ರದ್ದು. ಅದರ ಮೇಲಿನ ಸೇವಂತಿಗೆ ಮುದ್ರೆ, ಅಂದರೆ ಜಪಾನಿ ಚಕ್ರವರ್ತಿಯ ಲಾಂಛನ, ನೋಡಿ. 1945ರ ಶರಣಾಗತಿಯ ನಂತರ ಬಹಳಷ್ಟು ಜಪಾನಿ ಬಂದೂಕುಗಳ ಮುದ್ರೆಯನ್ನು ಉಜ್ಜಿ ಅಳಿಸಿದರು, ಮುದ್ರೆ ಉಳಿದಿರುವುದಕ್ಕೆ ಬೆಲೆ ಜಾಸ್ತಿ, ಹಾಗಾಗಿ ಅಳಿಸಿದ ಜಾಗದಲ್ಲಿ ಹೊಸದಾಗಿ ಕೆತ್ತುವವರೂ ಇದ್ದಾರೆ. ಮುದ್ರೆಯ ಸುತ್ತ ಲೋಹ ಸ್ವಲ್ಪ ತಗ್ಗಿದಂತೆ ಕಂಡರೆ ಅನುಮಾನ ಪಡಿ.

ರಷ್ಯನ್ನರದು ಬೇರೆ ದಾರಿ. ಮೊಸಿನ್ 1891ರ ಕಾಲಾಳು ರೈಫಲಿನ ನಳಿಗೆ 800 ಮಿಲಿಮೀಟರ್, ಡ್ರಗೂನ್ ಮತ್ತು ಕಜಾಕ್ ಸವಾರರದ್ದು ಸುಮಾರು 730. ಕಾರ್ಬೈನ್ ಅನ್ನುವಷ್ಟು ಗಿಡ್ಡವೇನಲ್ಲ. ಕಜಾಕರದ್ದಕ್ಕೆ ನಳಿಗೆಯ ಬುಡದಲ್ಲಿ ರಷ್ಯನ್ ಲಿಪಿಯಲ್ಲಿ "ಕಾಜ್" ಎಂಬ ಪುಟ್ಟ ಮುದ್ರೆ ಇರುತ್ತದೆ. ಸೋವಿಯತ್ ಕಾಲದಲ್ಲಿ ಇಂಥವನ್ನು ಬಿಚ್ಚಿ ಹೊಸ ಮಾದರಿಗೆ ತಕ್ಕಂತೆ ಬದಲಾಯಿಸಿದ್ದರಿಂದ, ಮೂಲ ರೂಪದಲ್ಲೇ ಉಳಿದಿರುವುದು ಅಪರೂಪ.

ಕತ್ತರಿಸಿದ ರೈಫಲ್ ಹಿಡಿಯುವುದು

ಇಲ್ಲಿ ಸಮಯ ಕೊಡಿ. ಹೊಸಬರು ದುಡ್ಡು ಕಳೆದುಕೊಳ್ಳುವ ಜಾಗ ಇದು.

ಉದಾಹರಣೆಗೆ 1873ರ ಸ್ಪ್ರಿಂಗ್‌ಫೀಲ್ಡ್ ತೆಗೆದುಕೊಳ್ಳಿ, ಮುಚ್ಚಳ ಮೇಲಕ್ಕೆ ತೆರೆದುಕೊಳ್ಳುವುದರಿಂದ ಎಲ್ಲರೂ ಟ್ರ್ಯಾಪ್‌ಡೋರ್ ಅಂತಲೇ ಕರೆಯುತ್ತಾರೆ. ರೈಫಲಿನ ನಳಿಗೆ 32 ಇಂಚಿಗೂ ಉದ್ದ, ಕಾರ್ಬೈನಿನದು 22. ರೈಫಲನ್ನು ಕತ್ತರಿಸಿದವನು ಮುಂದಿನ ಗುರಿ ಕಣ್ಣನ್ನು ಹೊಸದಾಗಿ ಕೂರಿಸಬೇಕಾಗುತ್ತದೆ, ಅದರ ಬುಡದಲ್ಲಿ ಬೆಸುಗೆ ಅಥವಾ ಬಣ್ಣದ ವ್ಯತ್ಯಾಸ ಕಾಣುತ್ತದೆ. ಮುಂದಿನ ಮರದ ತುದಿಯನ್ನು ಕೆಳಗಿನಿಂದ ನೋಡಿ. ರೈಫಲಿನಲ್ಲಿ ಗಜದ ಕಡ್ಡಿಗೆ ಕಾಲುವೆ ಕೊರೆದಿರುತ್ತಾರೆ, ಕಾರ್ಬೈನಿನಲ್ಲಿ ಕಡ್ಡಿಯೇ ಇಲ್ಲ, ಕಾಲುವೆಯೂ ಇಲ್ಲ. ಆ ಜಾಗದಲ್ಲಿ ಮರದ ತುಂಡು ತುಂಬಿ ಉಜ್ಜಿದ ಗೆರೆ ಸಿಕ್ಕರೆ ಕಥೆ ಮುಗಿಯಿತು. ಬೆಳಕನ್ನು ಓರೆಯಾಗಿ ಬಿಟ್ಟರೆ ಎಳೆಗಳ ದಿಕ್ಕು ಬದಲಾಗುವುದು ಕಾಣುತ್ತದೆ. ಹಿಂದಿನ ಗುರಿ ಕಣ್ಣಿನ ಮೇಲೂ ಗಮನ ಇರಲಿ. ನಂತರದ ಮಾದರಿಗಳಲ್ಲಿ ಕಾರ್ಬೈನಿನದಕ್ಕೆ "ಸಿ", ರೈಫಲಿನದಕ್ಕೆ "ಆರ್" ಅಕ್ಷರ ಒತ್ತಿರುತ್ತಾರೆ. ಕ್ರಾಗ್ ಕಾರ್ಬೈನಿನ ಕಣ್ಣಿಗೂ "ಸಿ" ಗುರುತಿದೆ. ಕ್ರಾಗ್ ರೈಫಲಿನ ನಳಿಗೆ 30 ಇಂಚು, ಅದನ್ನೂ ಕಡಿದು ಕಾರ್ಬೈನ್ ಮಾಡಿದವು ಎಷ್ಟೋ ಇವೆ.

ನಳಿಗೆಯ ಬಾಯಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯ ಅಂಚು ಸಮವಾಗಿ ದುಂಡಗಿರುತ್ತದೆ, ಕಾಲದ ಬಣ್ಣ ಒಳಗಿನವರೆಗೂ ಹೋಗಿರುತ್ತದೆ. ಗರಗಸದ ಕೆಲಸ ಒರಟು, ಇಲ್ಲವೇ ಅತಿ ಚೊಕ್ಕ.

ಆಮೇಲೆ ರಿಂಗು. ಕಬ್ಬಿಣದ ರಿಂಗು ವರ್ಷಗಟ್ಟಲೆ ತೂಗಾಡಿದರೆ ಅದರ ಹಿಂದಿನ ಮರದಲ್ಲೋ ಲೋಹದಲ್ಲೋ ಕಮಾನಿನಂಥ ಒಂದು ಸವೆತದ ಗೆರೆ ಮೂಡುತ್ತದೆ. ಸರಳಿನ ಮೇಲ್ಭಾಗದಲ್ಲೂ ರಿಂಗು ಉಜ್ಜಿದ ಹೊಳಪು ಇರುತ್ತದೆ. ಬಂದೂಕೆಲ್ಲ ದಣಿದಂತಿದ್ದು, ರಿಂಗಿನ ಹಿಂದೆ ಮಾತ್ರ ಗೆರೆಯೇ ಇಲ್ಲ ಅಂದರೆ ಆ ಸರಳು ನಿನ್ನೆ ಮೊನ್ನೆ ಸೇರಿದ್ದು. ಇನ್ನೊಂದು ಒಳ್ಳೆಯ ಸಾಕ್ಷಿ ನಳಿಗೆಯ ತುದಿ. ಸವಾರಿಯಲ್ಲಿ ಕಾರ್ಬೈನಿನ ಮೂತಿಯನ್ನು ಜೀನಿಗೆ ಕಟ್ಟಿದ ತೊಗಲಿನ ಗೂಡಿನಲ್ಲಿ ಇಳಿಬಿಡುತ್ತಿದ್ದರು. ದಿನವಿಡೀ ತೊಗಲು ಉಜ್ಜಿ ಉಜ್ಜಿ ಬಾಯಿಯ ಕಡೆಯ ಕೆಲವು ಇಂಚು ಬಣ್ಣ ಹೋಗಿ ನಯವಾಗಿರುತ್ತದೆ. ಈ ಸವೆತ ಇಷ್ಟ ನನಗೆ. ಖರೀದಿದಾರರು ಇದನ್ನು ದೋಷ ಅಂತ ಚೌಕಾಸಿ ಮಾಡುತ್ತಾರೆ, ನಾನಂತೂ ಇದಕ್ಕೇ ನಾಲ್ಕು ಕಾಸು ಜಾಸ್ತಿ ಕೊಡುವವನು.

ಮುದ್ರೆ, ನಂಬರು, ಇಸವಿ

ಬಂದೂಕಿನ ಮೇಲೆ ಬರೆದಿರುವ ಇಸವಿ ಅದು ತಯಾರಾದ ಇಸವಿ ಅಂತಲ್ಲ. ಟ್ರ್ಯಾಪ್‌ಡೋರಿನ ಮೇಲೆ 1873 ಅಂತ ಇರುವುದು ಮಾದರಿಯ ಹೆಸರು, 1880ರ ದಶಕದಲ್ಲಿ ತಯಾರಾದವುಗಳ ಮೇಲೂ ಅದು ಇರಬಹುದು. ಸರಿಯಾದ ಇಸವಿ ಬೇಕಾದರೆ ಸೀರಿಯಲ್ ನಂಬರು ನೋಡಬೇಕು, ಆಮೇಲೆ ಎಡಗಡೆ ಮರದ ಮೇಲೆ ಪರೀಕ್ಷಕ ಒತ್ತಿದ ಮುದ್ರೆ ನೋಡಬೇಕು. ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ಕೆಲಸ ಮಾಡಿದ ಅರ್ಸ್ಕಿನ್ ಆಲಿನ್ ಅವರ ಮುದ್ರೆಯಲ್ಲಿ ಇ ಎಸ್ ಎ ಅಕ್ಷರಗಳು, ಆಮೇಲೆ ಬಂದವರದ್ದು ಎಸ್ ಡಬ್ಲ್ಯು ಪಿ. ನಂಬರು, ಮುದ್ರೆ ಎರಡೂ ಹೊಂದಬೇಕು. ನಂಬರು ಒಂದು ಕಾಲ ಹೇಳಿ ಮರದ ಮುದ್ರೆ ಇನ್ನೊಂದು ಕಾಲ ಹೇಳಿದರೆ ಮರವನ್ನು ಬದಲಾಯಿಸಿದ್ದಾರೆ.

ಶಾರ್ಪ್ಸ್ ನಂಬರಿನ ಮುಂದೆ "ಸಿ" ಇದ್ದರೆ ಅದು ಕಾರ್ಬೈನಿನ "ಸಿ" ಅಲ್ಲ. ರೋಮನ್ ಲೆಕ್ಕದ ನೂರು ಅದು, ಇಲ್ಲಿ ಒಂದು ಲಕ್ಷ ಅಂತ ಓದಿಕೊಳ್ಳಬೇಕು. ಶಾರ್ಪ್ಸ್‌ನಲ್ಲಿ ಹಿಂಬದಿಯ ಪಟ್ಟಿಯ ಮೇಲೆ ಒಂದು ನಂಬರು, ಮುಂದಿನ ಮರ ಬಿಚ್ಚಿದರೆ ನಳಿಗೆಯ ಅಡಿಯಲ್ಲಿ ಇನ್ನೊಂದು. ಹೋಲಿಸಿ ನೋಡಿ. ಮಾರುವವರು ಬಿಚ್ಚೋಕೆ ಒಪ್ಪದಿದ್ದರೆ ನಂಬರು ಹೊಂದಿಲ್ಲ ಅಂತಲೇ ಎಣಿಸಿ ಬೆಲೆ ಹೇಳಿ.

ಇಲ್ಲೊಂದು ಸೂಕ್ಷ್ಮ ಇದೆ. ಸೈನ್ಯವೇ ಮಾಡಿದ ಬದಲಾವಣೆ ದೋಷವಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಸಾವಿರಾರು ಶಾರ್ಪ್ಸ್ ಕಾರ್ಬೈನ್‌ಗಳನ್ನು ಲೋಹದ ತೋಟೆಗೆ ಬದಲಾಯಿಸಿದರು, ಕೆಲವಕ್ಕೆ ನಳಿಗೆಯೊಳಗೆ ಇನ್ನೊಂದು ಕೊಳವೆ ಕೂರಿಸಿದರು, ಪರೀಕ್ಷಕನ ಡಿ ಎಫ್ ಸಿ ಮುದ್ರೆಯನ್ನು ರಿಬ್ಬನ್ನಿನಂಥ ಚೌಕಟ್ಟಿನಲ್ಲಿ ಮರಕ್ಕೆ ಒತ್ತಿದರು. ಸ್ಪೆನ್ಸರ್‌ಗಳನ್ನೂ ಸ್ಪ್ರಿಂಗ್‌ಫೀಲ್ಡಿನಲ್ಲಿ ಹೀಗೇ ದುರಸ್ತಿ ಮಾಡಿದ್ದಾರೆ. ಇವು ಬಂದೂಕಿನ ಸೇವೆಯ ಭಾಗ. ಆಮೇಲೆ ಯಾರೋ ಗ್ಯಾರೇಜಿನಲ್ಲಿ ಕೂತು ಮಾಡಿದ್ದು ಬೇರೆ ಮಾತು.

ಬ್ರಿಟಿಷ್ ಮಾರ್ಟಿನಿ-ಹೆನ್ರಿ ಕಾರ್ಬೈನ್‌ಗಳ ಬಲಪಕ್ಕದಲ್ಲಿ ಕಿರೀಟ, ಅದರಡಿ ವಿ ಆರ್ (ವಿಕ್ಟೋರಿಯಾ ರಾಣಿಯನ್ನು ಸೂಚಿಸುವ ಅಕ್ಷರಗಳು), ಕಾರ್ಖಾನೆಯ ಹೆಸರು, ಇಸವಿ, ಆಮೇಲೆ "ಐ ಸಿ 1" ಅಂತ ಇರುತ್ತದೆ. ಮೇಲ್ಮುಖದ ಬಾಣದ ಗುರುತು ಸರ್ಕಾರದ ಸ್ವತ್ತು ಅಂತ. ಎರಡು ಬಾಣಗಳು ಮೂತಿಗೆ ಮೂತಿ ಕೊಟ್ಟು ನಿಂತಿದ್ದರೆ ಸೇವೆಯಿಂದ ತೆಗೆದು ಮಾರಿದ್ದು. ಆದರೆ ಖೈಬರ್ ಕಣಿವೆಯ ಕಮ್ಮಾರರು ಈ ಮುದ್ರೆಗಳನ್ನೆಲ್ಲ ಕೈಯಲ್ಲೇ ನಕಲು ಮಾಡಿದ್ದಾರೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಕ್ಷರಗಳು ಅವರಿಗೆ ಬರೀ ಚಿತ್ರ. ಬ್ರಿಟನ್ನಿನ ಬಂದೂಕು ಕಾರ್ಖಾನೆ ಎನ್‌ಫೀಲ್ಡಿನ ಹೆಸರಿನಲ್ಲಿ ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಸಾಲು ಸೊಟ್ಟ ಇರುತ್ತದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ, ವಿ ಆರ್ ಅಡಿಯಲ್ಲಿ 1907 ಅಂತ ಕಂಡರೆ ಇನ್ನೇನು ಹೇಳೋದು! ನಕಲಿಗಳಲ್ಲಿ ಪರೀಕ್ಷಕರ ಪುಟ್ಟ ಪುಟ್ಟ ಮುದ್ರೆಗಳೂ ಇರುವುದಿಲ್ಲ ಅಥವಾ ಎಲ್ಲೆಂದರಲ್ಲಿ ಇರುತ್ತವೆ. ಖೈಬರ್ ಬಂದೂಕುಗಳನ್ನೇ ಸಂಗ್ರಹಿಸುವವರಿದ್ದಾರೆ, ಅದು ಸರಿಯೇ. ಎನ್‌ಫೀಲ್ಡಿನ ಬೆಲೆಗೆ ಕೊಳ್ಳಬೇಡಿ ಅಷ್ಟೇ.

ಇಟಲಿಯ ಹೊಸ ನಕಲುಗಳ ಕಥೆ ಇನ್ನೊಂದು. ಪೆಡರ್ಸೋಲಿ, ಪಿಯೆಟ್ಟಾ, ಉಬೆರ್ಟಿ ಮುಂತಾದ ಕಂಪನಿಗಳು ಹಳೆಯ ಮಾದರಿಗಳನ್ನು ಪ್ರಾಮಾಣಿಕವಾಗಿ ಹೊಸದೆಂದೇ ಮಾರುತ್ತವೆ, ತಪ್ಪು ಅವರದ್ದಲ್ಲ. ಅವುಗಳ ಮೇಲೆ ಪಿ ಎನ್ ಎಂಬ ಪರೀಕ್ಷೆಯ ಮುದ್ರೆ, ಚೌಕದೊಳಗೆ ವರ್ಷದ ಸಂಕೇತಾಕ್ಷರ ಇರುತ್ತದೆ. ಯಾರಾದರೂ ಅವನ್ನು ಅರದಿಂದ ಉಜ್ಜಿ, ಆಸಿಡ್ಡಿನಲ್ಲಿ ಮುಳುಗಿಸಿ ಮುದುಕ ಮಾಡಿರಬಹುದು. ಆಸಿಡ್ ತುಕ್ಕು ಎಲ್ಲ ಕಡೆ ಒಂದೇ ಸಮ ಬರುತ್ತದೆ. ನಿಜವಾದ ತುಕ್ಕು ಕೈ ತಾಗಿದ ಕಡೆ ಒಂದು ಥರ, ಮರದಡಿ ಇನ್ನೊಂದು ಥರ. ಮೂಲ ಶಾರ್ಪ್ಸ್ .52 ಕ್ಯಾಲಿಬರ್ (ನಳಿಗೆಯ ಒಳ ಅಗಲ, ಇಂಚಿನಲ್ಲಿ), ಹೊಸ ನಕಲುಗಳು ಹೆಚ್ಚಾಗಿ .54. ಒಂದು ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ.

ಲೋಹ, ಮರ, ನಳಿಗೆಯ ಒಳಗು

ಲೋಹದ ಮೂಲ ಬಣ್ಣ ಉಳಿದಿರುವುದು ಚಾಚಿದ ಜಾಗಗಳಲ್ಲಲ್ಲ, ಕೈ ತಾಗದ ಮೂಲೆಗಳಲ್ಲಿ. ಹಿಂದಿನ ಕಣ್ಣಿನ ಪಕ್ಕ, ನಳಿಗೆ ಮರ ಸೇರುವ ಸಂದು, ಎರಡನ್ನೂ ಬಿಗಿದಿಡುವ ಬ್ಯಾಂಡಿನ ಅಂಚು, ಮೊದಲು ಅಲ್ಲಿ ನೋಡಿ. ಚಾಚಿದ ಅಂಚುಗಳಲ್ಲಿ ಬಣ್ಣ ದಟ್ಟ ಇದ್ದು ಮೂಲೆಗಳಲ್ಲಿ ಮಾಸಿದ್ದರೆ ಬಣ್ಣ ಹೊಸದು. ಬಣ್ಣದ ಅಡಿಯಲ್ಲಿ ತುಕ್ಕಿನ ಗುಳಿಗಳು ಕಂಡರೂ ಅಷ್ಟೇ, ತುಕ್ಕು ತಿಂದ ಮೇಲೆ ಬಣ್ಣ ಬಳಿದಿದ್ದಾರೆ. ಪಾಲಿಷ್ ಚಕ್ರಕ್ಕೆ ಕೊಟ್ಟಿದ್ದರೆ ಅಕ್ಷರಗಳ ಅಂಚು ಕರಗಿರುತ್ತದೆ, ಸ್ಕ್ರೂ ತೂತುಗಳ ಸುತ್ತ ತಟ್ಟೆಯಂತೆ ತಗ್ಗಿರುತ್ತದೆ. ಲಾಕ್ ಪ್ಲೇಟಿನ (ಬಂದೂಕು ಹೊಡೆಸುವ ಯಂತ್ರ ಕೂರುವ ತಗಡು) ಬಣ್ಣಬಣ್ಣದ ಗಟ್ಟಿ ಲೇಪ ಬೆಳಕಿಗೆ ಬೂದಿ ಬಣ್ಣಕ್ಕೆ ತಿರುಗುವುದು ಸಹಜ. ಸ್ಕ್ರೂ ತಲೆಯ ಸೀಳು ಹರಿದಿದ್ದರೆ ಯಾರೋ ತಪ್ಪು ಡ್ರೈವರಿನಲ್ಲಿ ಬಿಚ್ಚಿದ್ದಾರೆ, ಒಳಗೆ ಏನು ಬದಲಾಗಿದೆ ಅಂತ ಕೇಳಿ.

ಮರದ ವಿಷಯದಲ್ಲಿ ಬೆರಳು ಕಣ್ಣಿಗಿಂತ ಚುರುಕು. ಕಾರ್ಖಾನೆಯಿಂದ ಬಂದಾಗ ಮರ ಲೋಹಕ್ಕಿಂತ ಒಂದು ಕೂದಲಷ್ಟು ಎತ್ತರ ಇರುತ್ತಿತ್ತು. ಬೆರಳಾಡಿಸಿದಾಗ ಲೋಹವೇ ಎತ್ತರ ಅನಿಸಿದರೆ ಮರವನ್ನು ಮರಳು ಕಾಗದದಲ್ಲಿ ಉಜ್ಜಿದ್ದಾರೆ, ಮುದ್ರೆಯೂ ಅದರ ಜೊತೆ ಅರ್ಧ ಹೋಗಿರುತ್ತದೆ. ಗಾಯ, ತರಚು, ಎಣ್ಣೆ ಕಪ್ಪು ಇದ್ದರೆ ಇರಲಿ ಬಿಡಿ. ಬಿರುಕು ಮಾತ್ರ ನೋಡಿ, ಅದರಲ್ಲೂ ಕೈ ಹಿಡಿಯುವ ಸಣ್ಣ ಭಾಗದಲ್ಲಿ ಮತ್ತು ಲಾಕಿನ ಹಿಂದೆ. ಅಲ್ಲಿ ಹಿತ್ತಾಳೆ ಮೊಳೆ ಹೊಡೆದು ರಿಪೇರಿ ಮಾಡಿದ್ದು ಹಳೆಯ ಕಾಲದ್ದಾದರೆ ಬಾಧಕವಿಲ್ಲ, ಹೊಸ ಅಂಟು ಆದರೆ ಬೆಲೆ ಇಳಿಸಿ.

ನಳಿಗೆಯೊಳಗೆ ಕೆಳಗಿನಿಂದ ಟಾರ್ಚ್ ಬಿಟ್ಟು, ಅಥವಾ ಬಿಳಿ ಕಾಗದದ ತುಂಡು ಹಿಡಿದು ನೋಡಿ. ಕಪ್ಪು ಮದ್ದಿನ ಕೊಳೆ ತೇವ ಹೀರುತ್ತದೆ, ಹಳೆಯ ಕ್ಯಾಪುಗಳಲ್ಲಿದ್ದ ಕ್ಲೋರೇಟ್ ಉಪ್ಪಾಗಿ ಉಳಿದು ಉಕ್ಕನ್ನು ತಿನ್ನುತ್ತದೆ. ಹಾಗಾಗಿ ಕಪ್ಪಗಿನ, ಗುಳಿ ಬಿದ್ದ ನಳಿಗೆ ಸಾಮಾನ್ಯ. ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಕಂಡರೆ ಸಾಕು. ಒಂದೇ ಕಡೆ ದುಂಡಗೆ ಕಪ್ಪು ಬಳೆಯಂಥ ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿದೆ. ಹೊರಗೆ ಬೆರಳಾಡಿಸಿ ಖಚಿತ ಮಾಡಿಕೊಳ್ಳಿ. ದುಡಿದ ಬಂದೂಕಾದರೆ ನಿಪ್ಪಲ್ಲಿನ ಸುತ್ತ ಕ್ಯಾಪಿನ ಸಿಡಿತದಿಂದ ಸಾಮಾನ್ಯವಾಗಿ ಗುಳಿ ಬಿದ್ದಿರುತ್ತದೆ. ಎಲ್ಲ ಕಡೆ ಕಂದು, ಅಲ್ಲಿ ಮಾತ್ರ ಹಾಲಿನಂತೆ ನಯ ಅಂದರೆ ಯಾರೋ ಕೈ ಹಾಕಿದ್ದಾರೆ.

ಗ್ರೇಡು ಮತ್ತು ಕಥೆ

ಮಾರುವವರು ಹೇಳುವ "ಎಕ್ಸಲೆಂಟ್", "ಫೈನ್" ಪದಗಳಿಗೆ ಒಂದು ಅಳತೆ ಇದೆ. ಅಮೆರಿಕದ ಬಂದೂಕುದಾರರ ಸಂಘ ಎನ್ ಆರ್ ಎ ಹಳೆಯ ಬಂದೂಕುಗಳಿಗೆ ಮಾಡಿರುವ ಅಳತೆಯಲ್ಲಿ ಎಲ್ಲ ಭಾಗ ಮೂಲದ್ದೇ ಆಗಿದ್ದು 80 ಶೇಕಡಾಕ್ಕಿಂತ ಜಾಸ್ತಿ ಮೂಲ ಬಣ್ಣ ಉಳಿದಿದ್ದರೆ ಎಕ್ಸಲೆಂಟ್, 30ಕ್ಕಿಂತ ಜಾಸ್ತಿ ಇದ್ದರೆ ಫೈನ್, ಸೊನ್ನೆಯಿಂದ 30ರವರೆಗೆ ವೆರಿ ಗುಡ್. ಅಂದರೆ ಬಣ್ಣವೇ ಇಲ್ಲದ ಆದರೆ ಮೂಲ ಭಾಗಗಳಿರುವ ಕಾರ್ಬೈನ್ ಕೂಡ ವೆರಿ ಗುಡ್ ಆಗಬಹುದು. ಕುದುರೆ ಮೇಲೆ ದುಡಿದ ಬಂದೂಕುಗಳಲ್ಲಿ ಬಹುಪಾಲು ಇದಕ್ಕಿಂತ ಮೇಲೇರುವುದಿಲ್ಲ, ಏರಿದರೆ ಅದು ಗೋದಾಮಿನಲ್ಲೇ ಮಲಗಿತ್ತು ಅಂತ.

ಕಥೆಗೆ ದುಡ್ಡು ಕೊಡಬೇಡಿ, ಕಾಗದಕ್ಕೆ ಕೊಡಿ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್ ಜೊತೆಗಿದ್ದ 7ನೇ ಅಶ್ವದಳದ ಕೈಯಲ್ಲಿ ಟ್ರ್ಯಾಪ್‌ಡೋರ್ ಕಾರ್ಬೈನ್‌ಗಳಿದ್ದವು. ಅವುಗಳ ನಂಬರು 43 ಸಾವಿರದ ಆಸುಪಾಸಿಗಿಂತ ಕೆಳಗಿರಬೇಕು ಅಂತ ಸಂಗ್ರಾಹಕರ ಲೆಕ್ಕ. ಹಾಗಂತ ಅದಕ್ಕಿಂತ ಕೆಳಗಿನ ನಂಬರಿನ ಪ್ರತಿಯೊಂದನ್ನೂ "ಕಸ್ಟರ್ ಬಂದೂಕು" ಅಂತ ಮಾರುತ್ತಾರೆ! ಆ ಕಾಲದ ಕಾರ್ಬೈನಿನ ಹಿಂಬದಿ ತಗಡಿನಲ್ಲಿ ಒರೆಸುವ ಕಡ್ಡಿ ಇಡುವ ಮುಚ್ಚಳ ಇರಲಿಲ್ಲ, ತಾಮ್ರದ ತೋಟೆಗಳು ಸಿಕ್ಕಿಕೊಳ್ಳುವ ತೊಂದರೆ ಗೊತ್ತಾದ ಮೇಲೆ ಅದು ಬಂತು. ಹಾಗಾಗಿ ಮುಚ್ಚಳ ಇರುವ ಮರ ಹೊತ್ತ "ಕಸ್ಟರ್" ಬಂದೂಕಿಗೆ ಕನಿಷ್ಠ ಮರವಾದರೂ ಆಮೇಲಿನದು. ನಿಜವಾದ ಸಾಕ್ಷಿ ಎಂಥದ್ದು ಅಂದರೆ, 1983ರಲ್ಲಿ ಆ ಮೈದಾನಕ್ಕೆ ಬೆಂಕಿ ಬಿದ್ದು ಹುಲ್ಲು ಸುಟ್ಟ ಮೇಲೆ 1984ರಲ್ಲಿ ಪುರಾತತ್ವದವರು ಅಗೆದು ಖಾಲಿ ತೋಟೆಗಳನ್ನು ತೆಗೆದರು, ಅವುಗಳ ಮೇಲೆ ಬಂದೂಕಿನ ಸೂಜಿ ಕುಟ್ಟಿದ ಗುರುತನ್ನು ಉಳಿದಿರುವ ಬಂದೂಕುಗಳ ಗುರುತಿನ ಜೊತೆ ಹೋಲಿಸಿದರು. ಅಂಥ ಕಾಗದ ಇಲ್ಲದಿದ್ದರೆ ಅಜ್ಜನ ಕಥೆಗೆ ತಲೆದೂಗಿ, ಬೆಲೆ ಮಾತ್ರ ಬಂದೂಕಿನದೇ ಕೊಡಿ. ವಿಂಚೆಸ್ಟರ್ ಆದರೆ ವಯೋಮಿಂಗಿನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಪತ್ರ ಕೊಡುತ್ತದೆ. ಕೊಳ್ಳುವ ಮುಂಚೆಯೇ ತರಿಸಿಕೊಳ್ಳಿ.

ಮನೆಗೆ ತಂದ ಮೇಲೆ

ಕಾನೂನು ಮೊದಲು ನೋಡಿ, ದುಡ್ಡು ಕೊಟ್ಟ ಮೇಲಲ್ಲ. ಅಮೆರಿಕದಲ್ಲಿ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಹಳೆಯ ವಸ್ತು ಅಂತ ಲೆಕ್ಕ, ಬ್ರಿಟನ್ನಿನಲ್ಲಿ ಬಳಕೆ ತಪ್ಪಿದ ಕ್ಯಾಲಿಬರಿನ ಪಟ್ಟಿ ಇದೆ, ಬೇರೆ ದೇಶಗಳಲ್ಲಿ ಬೇರೆ ನಿಯಮ. ಗಡಿ ದಾಟಿಸುವುದಾದರೆ ಎರಡೂ ಕಡೆಯ ನಿಯಮ ಬೇಕು.

ತಂದ ತಕ್ಷಣ ಹೊಳಪು ಕೊಡಬೇಡಿ, ದಯವಿಟ್ಟು. ಕಂದು ಬಣ್ಣ ಒಮ್ಮೆ ಹೋದರೆ ಇನ್ನೊಂದು ಶತಮಾನ ಕಾಯಬೇಕು. ಕೆಂಪಗೆ ಪುಡಿ ಉದುರುವ ತುಕ್ಕು ಮಾತ್ರ ಬೆಳೆಯುವಂಥದ್ದು, ಅದಕ್ಕೆ ತೆಳು ಎಣ್ಣೆ ಹಚ್ಚಿ ಒಂದೆರಡು ದಿನ ಬಿಟ್ಟು ಮೃದು ಬಟ್ಟೆಯಲ್ಲಿ ಒರೆಸಿ. ಆಮೇಲೆ ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಸವರಿ, ಲೋಹಕ್ಕೂ ಮರಕ್ಕೂ ಅದೇ ಆಗುತ್ತದೆ. ಮುಟ್ಟುವಾಗ ಹತ್ತಿಯ ಗ್ಲೌಸ್ ಹಾಕಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರಿಸುತ್ತದೆ. ಗಾಳಿಯ ತೇವ 50 ಶೇಕಡಾ ಆಸುಪಾಸಿನಲ್ಲಿರಲಿ, ಏರಿಳಿತ ಕಡಿಮೆ ಇರಲಿ. ತೊಗಲಿನ ಚೀಲದೊಳಗೆ ಇಟ್ಟು ಮರೆಯಬೇಡಿ. ಸವಾರನ ಗೂಡು ನೋಡೋಕೆ ಚೆಂದ, ಆದರೆ ತೊಗಲು ತೇವ ಹಿಡಿಯುತ್ತದೆ, ಹದ ಮಾಡಲು ಬಳಸಿದ ಆಮ್ಲವೂ ಅದರಲ್ಲಿರುತ್ತದೆ. ಗೂಡನ್ನು ಪಕ್ಕದಲ್ಲಿ ತೂಗುಹಾಕಿ, ಕಾರ್ಬೈನನ್ನು ಹೊರಗೇ ಇಡಿ.